ರಸ್ತೆಯ ಆ ಬದಿಗೆ ಬಂದು ನಿಂತ ಕೇಬಲ್

ಮೂರು ವರ್ಷದ ಹಿಂದೆ ಹೊಸೂರಿನ ಅಂಚಿನ ಒಂದು ವಠಾರಕ್ಕೆ ಮನೆಭೇಟಿಗೆ ಹೋಗಿದ್ದೆ. ಹನ್ನೆರಡು ಮನೆಗಳ ಸಾಲು, ಎಲ್ಲರಿಗೂ ಒಂದೇ ನಲ್ಲಿ. ಪ್ಲಸ್ ಟೂ ಓದುತ್ತಿದ್ದ ಹುಡುಗಿಯೊಬ್ಬಳು ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳು. ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ. ಬ್ರೌಸಿಂಗ್ ಸೆಂಟರಿನಲ್ಲಿ ಎಲ್ಲ ತುಂಬಿಸಿದ್ದಳು. ಆದರೆ ಓಟಿಪಿ ಹೋದದ್ದು ಅಪ್ಪನ ಬಟನ್ ಫೋನಿಗೆ. ಅಪ್ಪ ಎರಡನೇ ಶಿಫ್ಟಿನಲ್ಲಿ. ಆ ಕಾರ್ಖಾನೆಯಲ್ಲಿ ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. "ನನ್ನ ನಂಬರ್ ಕೊಡಮ್ಮ" ಎಂದೆ. "ಆಧಾರ್‌ಗೆ ಸೇರಿಸಿದ ನಂಬರೇ ಬೇಕಂತೆ ಸ್ವಾಮಿ" ಎಂದಳು.

ಅಪ್ಪ ಮನೆಗೆ ಬರುವುದು ರಾತ್ರಿ ಹನ್ನೊಂದೂವರೆಗೆ. ಅಷ್ಟರಲ್ಲಿ ಸೆಂಟರ್ ಮುಚ್ಚಿರುತ್ತದೆ. ತಮಿಳುನಾಡು ಸರಕಾರ ಅವಳ ಅಣ್ಣನಿಗೆ ಹಿಂದೆ ಕೊಟ್ಟಿದ್ದ ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು. ಸಂಪರ್ಕವೊಂದಿದ್ದಿದ್ದರೆ ಹನ್ನೆರಡರೊಳಗೆ ಅರ್ಜಿ ಹೋಗುತ್ತಿತ್ತು. ಹೋಗಲಿಲ್ಲ. ಅವಳು ಕಾಲೇಜಿಗೂ ಸೇರಲಿಲ್ಲ.

ವಠಾರದ ಎದುರಿಗೇ ಹೊಸ ಬಡಾವಣೆ. ಅಲ್ಲಿ ಕಂಬಕಂಬಕ್ಕೂ ಎರಡು ಮೂರು ಕಂಪನಿಗಳ ಫೈಬರ್ ಸುರುಳಿ ನೇತಾಡುತ್ತದೆ. ನಡುವೆ ಇರುವುದು ಒಂದು ರಸ್ತೆ ಮಾತ್ರ. ತಂತಿ ಎಳೆಯುವ ಹುಡುಗನನ್ನು ಕೇಳಿದೆ. ಅವನು ಮುಚ್ಚುಮರೆಯಿಲ್ಲದೆ ಹೇಳಿದ: ಬೀದಿಗೆ ಕೇಬಲ್ ಎಳೆದು ಪೆಟ್ಟಿಗೆ ಕೂರಿಸುವ ಖರ್ಚು ಹತ್ತು ಮನೆ ಸೇರಿದರೂ ಅಷ್ಟೇ, ನೂರು ಮನೆ ಸೇರಿದರೂ ಅಷ್ಟೇ. ವಠಾರದಲ್ಲಾದರೆ ಮಾಲೀಕರ ಒಪ್ಪಿಗೆ ಬೇಕು, ಬಾಡಿಗೆದಾರರ ಬಳಿ ವಿಳಾಸದ ಕಾಗದ ಇರುವುದಿಲ್ಲ, ವರ್ಷ ತುಂಬುವ ಮುಂಚೆ ಮನೆ ಖಾಲಿ ಮಾಡುತ್ತಾರೆ. ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಆದರೆ ಆ ಲೆಕ್ಕವನ್ನು ಅವನ ಕೈಗೇ ಬಿಟ್ಟಿರುವುದು ಸರಿಯೇ?

ಟಿವಿಯ ವಿಷಯದಲ್ಲಿ ಹೀಗಾಗಲಿಲ್ಲ. 2011ರ ಸೆಪ್ಟೆಂಬರಿನಲ್ಲಿ ಅರಸು ಕೇಬಲ್ ತಿಂಗಳಿಗೆ 70 ರೂಪಾಯಿಗೆ ಬಂತು. ಬಂಗಲೆಗೂ ವಠಾರಕ್ಕೂ ಅದೇ ದರ. (ಕನ್ನಡ ಧಾರಾವಾಹಿ ಬೇಕೆನ್ನುವ ನಮ್ಮ ಅಜ್ಜಿಯರ ಗೋಳು ಬೇರೆಯೇ ಇದೆ. 2019ರ ಹೊಸ ದರ ಪದ್ಧತಿಯ ನಂತರ ಬೇಕಾದ ಚಾನೆಲ್ ಆರಿಸಿ ದುಡ್ಡು ಕಟ್ಟಬೇಕಾಯಿತು. ಎಷ್ಟೋ ಮನೆಗಳಲ್ಲಿ ಮೊದಲು ಬಿಟ್ಟುಹೋದದ್ದು ಕನ್ನಡವೇ.) ಇಂಟರ್‌ನೆಟ್ಟಿಗೆ ಅಂಥ ಕೈ ಯಾವುದೂ ಈ ಸಾಲಿನ ತನಕ ಚಾಚಿಲ್ಲ.

ಭಾರತ್‌ನೆಟ್ ಇದೆಯಲ್ಲ ಎನ್ನುತ್ತಾರೆ. ಅದರ ಗುರಿ ಗ್ರಾಮ ಪಂಚಾಯಿತಿ. ತಮಿಳುನಾಡಿನ ಯೋಜನೆಯಲ್ಲಿ 12,525 ಪಂಚಾಯಿತಿಗಳಿವೆ. ಆದರೆ ಜೂಜುವಾಡಿ, ಮೂಕಂಡಪಳ್ಳಿಯಂಥ ಊರುಗಳು ಹೊಸೂರಿನೊಳಗೆ ಸೇರಿಹೋದವು, 2019ರಲ್ಲಿ ಹೊಸೂರೇ ಮಹಾನಗರ ಪಾಲಿಕೆಯಾಯಿತು. ಅಲ್ಲಿ ಈಗ ಪಂಚಾಯಿತಿ ಕಚೇರಿಯೇ ಇಲ್ಲ. ಹಳ್ಳಿಯ ಲೆಕ್ಕಕ್ಕೂ ಸಿಗದೆ ಕಂಪನಿಯ ಲೆಕ್ಕಕ್ಕೂ ಸಿಗದೆ ನಡುವೆ ಉಳಿದವರು ಸಿಪ್ಕಾಟಿನ ಕಾರ್ಖಾನೆಗಳನ್ನು ನಡೆಸುವ ಜನ.

ಇದನ್ನು ದಾನಧರ್ಮದ ಮಾತೆಂದು ತಿಳಿಯಬೇಡಿ. 2019ರಲ್ಲಿ ಹಾಸ್ಟೆಲ್ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟ್, ಇಂಟರ್‌ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಭಾಗವೆಂದು ತೀರ್ಪಿತ್ತಿತು. 2023ರಲ್ಲಿ ಅದೇ ರಾಜ್ಯ ತನ್ನದೇ ಫೈಬರ್ ಜಾಲ ಕೆಫೋನ್ ಆರಂಭಿಸಿ, ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಮಾತುಕೊಟ್ಟಿತು.

ನಮ್ಮ ಕೈಯಲ್ಲೂ ಒಂದು ದಾರಿಯಿದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಪೆಟ್ಟಿಗೆ ಅಂಗಡಿಯವನೂ ಲೈಸೆನ್ಸಾಗಲಿ ಶುಲ್ಕವಾಗಲಿ ಇಲ್ಲದೆ ವೈಫೈ ಮಾರಬಹುದು. ವಠಾರದ ಬಾಯಲ್ಲೇ ಒಂದು ಚಿಲ್ಲರೆ ಅಂಗಡಿಯಿದೆ. ಒಂದು ಕೇಬಲ್ ರಸ್ತೆ ದಾಟಿ ಅಲ್ಲಿಗೆ ಬಂದರೆ ಹನ್ನೆರಡು ಮನೆಗೂ ಸಾಕು. ಅಂಗಡಿಯಾಕೆ ಒಪ್ಪಿದ್ದಾರೆ. ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಇನ್ನೂ ಒಪ್ಪಿಲ್ಲ. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಅವರ ಮನೆಗೆ ಹೋಗುತ್ತಿದ್ದೇವೆ. ಅವರ ಪರಿಚಯವಿದ್ದವರು ದಯವಿಟ್ಟು ಜೊತೆಗೆ ಬನ್ನಿ.