ಒಡೆದ ಕಲ್ಲು, ಒಪ್ಪವಾದ ಲೇಖನ
ಮಲಯ ಅಧ್ಯಯನ ಪತ್ರಿಕೆಗೆ ಸಂಶೋಧನಾ ಲೇಖನ ಸಿದ್ಧಪಡಿಸುವ ಬಗೆ

ಮಲೇಷ್ಯಾದ ತೆರೆಂಗಾನು ರಾಜ್ಯದಲ್ಲಿ ದೊರೆತ ಒಂದು ಶಿಲಾಶಾಸನವಿದೆ. ಭಾಷೆ ಮಲಯ, ಲಿಪಿ ಅರಬ್ಬಿ ಮೂಲದ ಜಾವಿ. ಅದರ ಕಾಲವನ್ನು ಹೇಳುವ ಸಾಲಿನಲ್ಲಿ 'ಏಳುನೂರು', ಆಮೇಲೆ 'ದುವಾ' ಎಂಬಷ್ಟೇ ಉಳಿದು, ಮುಂದಿನ ಭಾಗ ಒಡೆದುಹೋಗಿದೆ. 'ದುವಾ' ಎಂದರೆ ಎರಡು. ಆದರೆ 'ದುವಾ ಪುಲುಹ್' ಎಂದರೆ ಇಪ್ಪತ್ತು. ಹಳೆಯ ಮಲಯದಲ್ಲಿ ಎಂಟಕ್ಕೆ 'ದುವಾಲಾಪನ್' ಎಂಬ ರೂಪವೂ ಇತ್ತು. ಹೀಗಾಗಿ ಶಾಸನದ ಕಾಲ ಹಿಜರಿ 702 ಆಗಿರಬಹುದು, 789ರಷ್ಟು ಈಚಿನದೂ ಆಗಿರಬಹುದು. ನಮ್ಮ ಲೆಕ್ಕದಲ್ಲಿ ಕ್ರಿ.ಶ. 1303 ಅಥವಾ 1387. ಮಲಯ ಪರ್ಯಾಯ ದ್ವೀಪದಲ್ಲಿ ಇಸ್ಲಾಂ ಯಾವಾಗ ನೆಲೆಯೂರಿತು ಎಂಬ ಪ್ರಶ್ನೆಗೆ ಈ 84 ವರ್ಷಗಳ ಅಂತರ ಸಣ್ಣದೇನಲ್ಲ.

1924ರಲ್ಲಿ ಈ ಶಾಸನದ ಪಾಠವು ರಾಯಲ್ ಏಷಿಯಾಟಿಕ್ ಸೊಸೈಟಿಯ ಮಲಯ ಶಾಖೆಯ ಪತ್ರಿಕೆಯಲ್ಲಿ ಅಚ್ಚಾಯಿತು. 1970ರಲ್ಲಿ ವಿದ್ವಾಂಸ ನಾಕಿಬ್ ಅಲ್-ಅತ್ತಾಸ್ ಅದೇ ಶಾಸನವನ್ನು ಮತ್ತೆ ಪರಿಶೀಲಿಸಿ, 1303ರ ಫೆಬ್ರವರಿ 22 ಎಂಬ ದಿನವನ್ನು ವಾದಿಸಿ ಮುಂದಿಟ್ಟರು. ಹಿಂದಿನವರ ಓದನ್ನು ಮುಂದಿನವರು ಹೀಗೆ ಪರೀಕ್ಷಿಸಲು ಸಾಧ್ಯವಾಗಬೇಕಾದರೆ, ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಲೇಖನದಲ್ಲಿ ಬೇರೆ ಬೇರೆಯಾಗಿ ಕಾಣಬೇಕು. ಪ್ರಯೋಗಾಲಯದ ವರದಿಗೂ ಇದೇ ನಿಯಮವಲ್ಲವೇ? ಸಂಶೋಧನಾ ಲೇಖನ ಬರೆಯುವ ಕ್ರಮದ ತಿರುಳೂ ಇದೇ.

ಮೊದಲು ಪತ್ರಿಕೆಯನ್ನು ಅರಿಯಿರಿ

ಮಲಯ ಅಧ್ಯಯನವೆಂದರೆ ಮಲಯ ಜನರ ಭಾಷೆ, ಸಾಹಿತ್ಯ, ಇತಿಹಾಸ, ಕಲೆ ಹಾಗೂ ಸಮಾಜದ ಅಧ್ಯಯನ. ಏಷಿಯಾಟಿಕ್ ಸೊಸೈಟಿಯ ಶಾಖೆ ಸಿಂಗಪುರದಲ್ಲಿ ಹುಟ್ಟಿದ್ದು 1877ರಲ್ಲಿ. ಅದರ ಪತ್ರಿಕೆ ಮರುವರ್ಷವೇ ಆರಂಭವಾಯಿತು. ಇಂದು ಕ್ವಾಲಾಲಂಪುರದ ಮಲಯ ವಿಶ್ವವಿದ್ಯಾಲಯದ ಮಲಯ ಅಧ್ಯಯನ ಅಕಾಡೆಮಿಯೂ ತನ್ನದೇ ಪತ್ರಿಕೆಯನ್ನು ಹೊರತರುತ್ತಿದೆ.

ಯಾವ ಪತ್ರಿಕೆಗೆ ಕಳುಹಿಸಬೇಕೆಂದಿದ್ದೀರೋ ಅದರ ಇತ್ತೀಚಿನ ಕೆಲವು ಸಂಚಿಕೆಗಳನ್ನು ಓದಿ. ನಿಮ್ಮ ವಿಷಯ ಅದರ ವ್ಯಾಪ್ತಿಗೆ ಸೇರುತ್ತದೆಯೇ? ಲೇಖನ ಯಾವ ಭಾಷೆಯಲ್ಲಿರಬೇಕು? ಪದಗಳ ಮಿತಿ ಎಷ್ಟು? ಲೇಖಕರಿಗೆ ನೀಡಿದ ಸೂಚನೆಗಳಲ್ಲಿ ಇವೆಲ್ಲ ಇರುತ್ತವೆ. ವ್ಯಾಪ್ತಿಗೆ ಸೇರದ ಲೇಖನ ಎಷ್ಟೇ ಚೆನ್ನಾಗಿದ್ದರೂ ಸಂಪಾದಕರ ಮೇಜಿನಿಂದಲೇ ಹಿಂತಿರುಗುತ್ತದೆ.

ಪ್ರಶ್ನೆ ಒಂದೇ ಇರಲಿ

ಮಲಯದಲ್ಲಿ 'ಬಹಾಸಾ', 'ಗುರು', 'ಪುಸ್ತಾಕಾ', 'ಮನುಸಿಯಾ' ಎಂಬ ಪದಗಳಿವೆ. ಉಪವಾಸಕ್ಕೆ 'ಪುವಾಸಾ' ಎನ್ನುತ್ತಾರೆ. ಇವು ಸಂಸ್ಕೃತದಿಂದ ಬಂದವು. ಕನ್ನಡಿಗರಿಗೆ ಇದನ್ನು ಕಂಡೊಡನೆ ಹಿಗ್ಗಾಗುವುದು ಸಹಜ. ಆದರೆ ಹೋಲುವ ಪದಗಳ ಪಟ್ಟಿಯೇ ಸಂಶೋಧನೆಯಾಗದು. 'ಪುವಾಸಾ' ಎಂಬುದು ಇಸ್ಲಾಮಿನ ಉಪವಾಸಕ್ಕೂ ಹೆಸರಾದದ್ದು ಹೇಗೆ ಎಂದು ಕೇಳಿ, ದಾಖಲೆಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದರೆ ಅದು ಸಂಶೋಧನೆಯ ದಾರಿ.

ಲೇಖನಕ್ಕೆ ಶೀರ್ಷಿಕೆ, ಸಾರಾಂಶ, ಸೂಚಕ ಪದಗಳು, ಪೀಠಿಕೆ, ಹಿಂದಿನ ಅಧ್ಯಯನಗಳ ವಿಮರ್ಶೆ, ವಿಧಾನ, ಚರ್ಚೆ, ತೀರ್ಮಾನ ಎಂಬ ಅಂಗಗಳಿರುತ್ತವೆ. ಮಲೇಷ್ಯಾದ ಹಲವು ಪತ್ರಿಕೆಗಳು ಸಾರಾಂಶವನ್ನು ಮಲಯ ಹಾಗೂ ಇಂಗ್ಲಿಷ್ ಎರಡರಲ್ಲೂ ಕೇಳುತ್ತವೆ. ಸಾರಾಂಶವನ್ನು ಕೊನೆಯಲ್ಲಿ ಬರೆಯಿರಿ. ಪ್ರಶ್ನೆ, ವಿಧಾನ, ಉತ್ತರ ಮೂರೂ ಅದರಲ್ಲಿರಲಿ.

ಎಡವುವ ನಾಲ್ಕು ಕಡೆ

ಲಿಪಿ: ಹಳೆಯ ಜಾವಿ ಬರಹದಲ್ಲಿ ಸ್ವರಗಳನ್ನು ಪೂರ್ತಿ ಬರೆಯುತ್ತಿರಲಿಲ್ಲ. ಕ, ಮ, ಬ, ಙ ಎಂಬ ನಾಲ್ಕು ವ್ಯಂಜನಗಳಷ್ಟೇ ಇದ್ದರೆ ಅದು 'ಕಂಬಿಂಗ್' (ಮೇಕೆ) ಆಗಬಹುದು, 'ಕುಂಬಾಂಗ್' (ದುಂಬಿ) ಆಗಬಹುದು, 'ಕೆಂಬಾಂಗ್' (ಅರಳು) ಕೂಡ ಆಗಬಹುದು. ನೀವು ಯಾವುದನ್ನು ಆರಿಸಿದಿರಿ, ಏಕೆ ಎಂಬುದನ್ನು ಟಿಪ್ಪಣಿಯಲ್ಲಿ ತಿಳಿಸಬೇಕು. ಲಿಪ್ಯಂತರದ ಪದ್ಧತಿಯನ್ನು ಆರಂಭದಲ್ಲೇ ಹೇಳಿ, ಕೊನೆಯವರೆಗೂ ಅದನ್ನೇ ಪಾಲಿಸಿ.

ಕಾಗುಣಿತ: ಚಕಾರದ ಧ್ವನಿಯನ್ನು ರೋಮನ್ ಲಿಪಿಯಲ್ಲಿ ಮಲೇಷ್ಯಾದವರು 'ಸಿ-ಎಚ್' ಎಂದೂ ಇಂಡೋನೇಷ್ಯಾದವರು 'ಟಿ-ಜೆ' ಎಂದೂ ಬರೆಯುತ್ತಿದ್ದರು. 1972ರ ಆಗಸ್ಟ್‌ನಲ್ಲಿ ಎರಡೂ ದೇಶಗಳು ಕಾಗುಣಿತವನ್ನು ಸುಧಾರಿಸಿ, 'ಸಿ' ಒಂದನ್ನೇ ಉಳಿಸಿಕೊಂಡವು. ಆದ್ದರಿಂದ ಹಳೆಯ ಸಾಮಗ್ರಿಯನ್ನು ಹುಡುಕುವಾಗ ಮೂರೂ ರೂಪಗಳಲ್ಲಿ ಹುಡುಕಿ. ನಿಮ್ಮ ಬರಹದಲ್ಲಿ ಹೊಸ ಕಾಗುಣಿತ ಬಳಸಿ. ಹಳೆಯ ಪುಸ್ತಕದ ಹೆಸರನ್ನು ಮಾತ್ರ ಅಚ್ಚಾದಂತೆಯೇ ಉಳಿಸಿ.

ಹೆಸರು: ಮಲಯ ಹೆಸರಿನಲ್ಲಿ ಸಾಮಾನ್ಯವಾಗಿ ಮನೆತನದ ಹೆಸರಿರುವುದಿಲ್ಲ. ಭಾಷಾ ವಿದ್ವಾಂಸ ಜೈನಲ್ ಅಬಿದಿನ್ ಬಿನ್ ಅಹ್ಮದ್ (1895-1973) ಅವರಲ್ಲಿ 'ಅಹ್ಮದ್' ಎಂಬುದು ತಂದೆಯ ಹೆಸರು. 'ಅಹ್ಮದ್, ಜೆ.' ಎಂದು ಬರೆದರೆ ಮಗನ ಗ್ರಂಥ ತಂದೆಯ ಹೆಸರಿಗೆ ಸೇರಿದಂತಾಗುತ್ತದೆ! ಆದ್ದರಿಂದ ಮಲೇಷ್ಯಾದಲ್ಲಿ ಇಡೀ ಹೆಸರನ್ನು ಇದ್ದ ಕ್ರಮದಲ್ಲೇ ನಮೂದಿಸುವ ವಾಡಿಕೆಯಿದೆ. ಹೆಸರಿನ ಅಕ್ಷರಗಳಿಂದಲೇ ಅವರು 'ಜಾಬಾ' ಎಂದು ಪ್ರಸಿದ್ಧರಾದರು. ನಮ್ಮ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು 'ಕುವೆಂಪು' ಆದದ್ದನ್ನು ನೆನೆದರೆ ಈ ಅಂಶ ಮರೆಯಲಾರದು.

ಕಾಲ: ಹಿಜರಿ ವರ್ಷಕ್ಕೆ ಸುಮಾರು 354 ದಿನಗಳು. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿ.ಶ. ವರ್ಷ ಹೆಚ್ಚು ಕಡಿಮೆ ಸಿಗುತ್ತದೆ. 702ಕ್ಕೆ ಮಾಡಿ ನೋಡಿ: 680.94 ಕೂಡಿಸು 622, ಅಂದರೆ 1302.94. ಇದು ಅಂದಾಜು ಮಾತ್ರ. ಲೇಖನದಲ್ಲಿ ಮೂಲದ ಹಿಜರಿ ವರ್ಷವನ್ನೂ ಕೊಡಬೇಕು.

ಕಳುಹಿಸುವಾಗ

ಈಗ ಬಹುಪಾಲು ಪತ್ರಿಕೆಗಳು ಲೇಖನಗಳನ್ನು ಅಂತರ್ಜಾಲದ ಮೂಲಕವೇ ಸ್ವೀಕರಿಸುತ್ತವೆ. ಲೇಖಕರು ಯಾರೆಂದು ವಿಮರ್ಶಕರಿಗೆ, ವಿಮರ್ಶಕರು ಯಾರೆಂದು ಲೇಖಕರಿಗೆ ತಿಳಿಯದಂತೆ ಪರಿಶೀಲನೆ ನಡೆಸುವ ಪದ್ಧತಿಯಿದ್ದಲ್ಲಿ, ನಿಮ್ಮ ಹೆಸರನ್ನು ಲೇಖನದಿಂದ ತೆಗೆಯಿರಿ. ಕಡತದ ಒಳವಿವರಗಳಲ್ಲೂ ಅದು ಉಳಿದಿರಬಹುದು, ನೋಡಿ. ಹಸ್ತಪ್ರತಿಯ ಚಿತ್ರ ಬಳಸಿದ್ದರೆ ಗ್ರಂಥಾಲಯದ ಅನುಮತಿ ಪಡೆಯಿರಿ, ಕ್ರಮಾಂಕ ಕೊಡಿ. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸಬಾರದು.

ಇನ್ನೊಂದು ಎಚ್ಚರಿಕೆ. ಕೆಲವೇ ದಿನಗಳಲ್ಲಿ ಪ್ರಕಟಿಸುತ್ತೇವೆಂದು ಹಣ ಕೇಳುವ ನಕಲಿ ಪತ್ರಿಕೆಗಳಿವೆ. ಸಂಪಾದಕ ಮಂಡಲಿಯಲ್ಲಿರುವವರು ಆ ಕ್ಷೇತ್ರದವರೇ, ಹಳೆಯ ಸಂಚಿಕೆಗಳು ಓದಲು ಸಿಗುತ್ತವೆಯೇ ಎಂಬುದನ್ನು ಪರೀಕ್ಷಿಸಿ. ವರ್ಷಗಳ ದುಡಿಮೆ ಅಲ್ಲಿ ಸೇರಿದರೆ ಹಿಂದೆ ಪಡೆಯುವುದು ಕಷ್ಟ.

ವಿಮರ್ಶಕರ ಅಭಿಪ್ರಾಯ ಬಂದಾಗ ಪ್ರತಿ ಅಂಶಕ್ಕೂ ಉತ್ತರ ಬರೆಯಿರಿ: ಒಪ್ಪಿದ್ದರೆ ಏನು ತಿದ್ದಿದಿರಿ, ಒಪ್ಪದಿದ್ದರೆ ಆಧಾರವೇನು? ತೆರೆಂಗಾನು ಶಾಸನದ ಒಡೆದ ಭಾಗ ಇನ್ನೂ ಸಿಕ್ಕಿಲ್ಲ. ನಾಳೆ ಸಿಕ್ಕರೆ ಹಿಂದಿನ ಲೇಖನಗಳಲ್ಲಿ ಒಂದಲ್ಲ ಒಂದು ಓದು ತಪ್ಪೆಂದು ತಿಳಿಯಬಹುದು. ಆದರೂ ಆಧಾರಗಳನ್ನು ಮುಚ್ಚಿಡದೆ ಬರೆದ ಲೇಖನ ಆಗಲೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ವಿದ್ಯಾರ್ಥಿಗಳು ಮುಂದಿನ ಯೋಜನಾ ವರದಿ ಬರೆಯುವಾಗ 'ಕಂಡದ್ದು', 'ಊಹಿಸಿದ್ದು' ಎಂಬ ಎರಡು ಕಲಂಗಳನ್ನು ಮಾಡಿಸಿ ನೋಡಿ. ಅಭ್ಯಾಸ ಅಲ್ಲಿಂದಲೇ ಆರಂಭವಾಗಲಿ.