ಶಸ್ತ್ರಚಿಕಿತ್ಸೆಗೆ ಮುನ್ನ ಬರಿಹೊಟ್ಟೆ ಏಕೆ?

ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆಹುಳು ಸಾಕುವ ಮನೆಗಳನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಗಲಿರುಳೂ ಹಿಪ್ಪುನೇರಳೆ ಸೊಪ್ಪನ್ನು ಮೇಯುವ ಹುಳುಗಳು ಪೊರೆ ಕಳಚುವ ಕಾಲ ಬಂದಾಗ ತಲೆಯೆತ್ತಿ ನಿಶ್ಚಲವಾಗಿ ನಿಂತುಬಿಡುತ್ತವೆ. ಇದಕ್ಕೆ ‘ಜ್ವರ’ ಎನ್ನುವುದು ರೂಢಿ. ಆ ಹೊತ್ತಿನಲ್ಲಿ ಅನುಭವಸ್ಥರು ಒಂದು ಎಲೆಯನ್ನೂ ಹಾಕುವುದಿಲ್ಲ. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ ಕಾಯುತ್ತಾರೆ. ಉಣಿಸುವ ಕಾಲವನ್ನು ತಿಳಿದಂತೆ ಉಣಿಸಬಾರದ ಕಾಲವನ್ನು ತಿಳಿಯುವುದೂ ಒಂದು ವಿದ್ಯೆಯೇ.

ಅಂಥದೊಂದು ಮನೆಯ ಯಜಮಾನರು ನನ್ನ ಸೋದರಮಾವ. ಕಳೆದ ವರ್ಷ ಅವರಿಗೆ ಹರ್ನಿಯ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ರಾತ್ರಿಯ ಊಟದ ಬಳಿಕ ಏನನ್ನೂ ತಿನ್ನಕೂಡದೆಂದು ವೈದ್ಯರು ಹೇಳಿ ಕಳುಹಿಸಿದ್ದರು. ಬೆಳಗ್ಗೆ ಆರು ಗಂಟೆಗೆ ನಮ್ಮ ಅತ್ತೆ ದೊಡ್ಡ ಲೋಟದ ತುಂಬ ಹಾಲು ಕೊಟ್ಟರು. “ತಿನ್ನಬೇಡಿ ಅಂದರೇ ಹೊರತು ಕುಡಿಯಬೇಡಿ ಅನ್ನಲಿಲ್ಲವಲ್ಲ” ಎಂಬುದು ಅವರ ತರ್ಕ. ಒಂಬತ್ತು ಗಂಟೆಗೆ ಅರಿವಳಿಕೆಯ ವೈದ್ಯರು ವಿಚಾರಿಸಿದಾಗ ಹಾಲಿನ ಸಂಗತಿ ಹೊರಬಿದ್ದಿತು; ಅದರ ಬೆನ್ನಿಗೇ, ಮಂಡಿನೋವಿಗಾಗಿ ಮಾವನವರು ಹತ್ತು ದಿನಗಳಿಂದ ಯಾರಿಗೂ ಹೇಳದೆ ಆಸ್ಪಿರಿನ್ ಮಾತ್ರೆ ನುಂಗುತ್ತಿದ್ದುದೂ ಹೊರಬಿದ್ದಿತು. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಮಾವನವರು ಕೇಳಿದರು: “ಅಲ್ಲಪ್ಪಾ, ನೀನು ಕಾಲೇಜಿನಲ್ಲಿ ಪಾಠ ಹೇಳುವವನು. ಅವರು ಕೊಯ್ಯುವುದು ಕಿಬ್ಬೊಟ್ಟೆಯನ್ನು. ಒಂದು ಲೋಟ ಹಾಲು ಅವರ ಕತ್ತಿಗೆ ಅಡ್ಡ ಬರುತ್ತದೆಯೇ?”

ಪ್ರಶ್ನೆ ಸಮಂಜಸವಾದುದೇ. ಬರಿಹೊಟ್ಟೆಯ ನಿಯಮ ಇರುವುದು ಹೊಟ್ಟೆಯನ್ನು ಕೊಯ್ಯುವವರ ಅನುಕೂಲಕ್ಕಾಗಿ ಎಂದು ಬಹುಮಂದಿ ಭಾವಿಸಿದ್ದಾರೆ. ವಾಸ್ತವವಾಗಿ ಆ ನಿಯಮ ಮುಖ್ಯವಾಗಿ ಕಾಪಾಡುವುದು ಶ್ವಾಸಕೋಶವನ್ನು.

ನಮ್ಮ ಗಂಟಲಿನಲ್ಲಿ ಅನ್ನದ ದಾರಿಯೂ ಗಾಳಿಯ ದಾರಿಯೂ ಒಂದೆಡೆ ಕೂಡುತ್ತವೆ. ಜಠರದಲ್ಲಿರುವುದು ಮೇಲಕ್ಕೆ ಬಾರದಂತೆ ಅನ್ನನಾಳದ ತುದಿಯಲ್ಲಿ ಸ್ನಾಯುವಿನ ಉಂಗುರವೊಂದು ಬಿಗಿದುಕೊಂಡಿರುತ್ತದೆ. ತಪ್ಪಿ ಒಂದು ತೊಟ್ಟು ಶ್ವಾಸನಾಳದತ್ತ ಹೊರಳಿದರೆ ಕೆಮ್ಮು ಅದನ್ನು ಹೊರದೂಡುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಈ ಉಂಗುರ ಸಡಿಲಗೊಳ್ಳುತ್ತದೆ, ಕೆಮ್ಮು ಅಡಗುತ್ತದೆ. ರೋಗಿ ಅಂಗಾತ ಮಲಗಿರುವುದರಿಂದ ಗುರುತ್ವದ ನೆರವೂ ತಪ್ಪುತ್ತದೆ. ವೈದ್ಯರು ಶ್ವಾಸನಾಳದೊಳಕ್ಕೆ ಕೊಳವೆಯಿಳಿಸಿ ದಾರಿಯನ್ನು ಭದ್ರಪಡಿಸುತ್ತಾರಾದರೂ, ಅರಿವು ತಪ್ಪುವುದಕ್ಕೂ ಕೊಳವೆ ಸೇರುವುದಕ್ಕೂ ನಡುವಣ ಕೆಲವು ಕ್ಷಣಗಳು ಅಪಾಯಕಾರಿ. ಕೊಳವೆಯನ್ನು ತೆಗೆಯುವ ಹೊತ್ತೂ ಅಂಥದೇ.

ಉದರದ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳಬಹುದು. ಸಣ್ಣ ರಂಧ್ರಗಳ ಮೂಲಕ ದರ್ಶಕವನ್ನು ತೂರಿಸಿ ನಡೆಸುವ ಚಿಕಿತ್ಸೆಯಲ್ಲಿ ಹೊಟ್ಟೆಯನ್ನು ಇಂಗಾಲದ ಡೈಆಕ್ಸೈಡಿನಿಂದ ಉಬ್ಬಿಸುತ್ತಾರೆ. ಅದರ ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದಷ್ಟು. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರವಾದುದರಿಂದ ಇದು 16ರಿಂದ 20 ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ತುಂಬಿದ ಚೀಲವನ್ನು ಹೊರಗಿನಿಂದ ಅಷ್ಟು ಬಲವಾಗಿ ಅದುಮಿದರೆ ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಕೆಳಭಾಗವನ್ನಷ್ಟೇ ಮರಗಟ್ಟಿಸುವಾಗಲೂ ಇದೇ ನಿಯಮವುಂಟು. ನಡುವೆ ಪೂರ್ಣ ಅರಿವಳಿಕೆ ಬೇಕಾಗಬಹುದಷ್ಟೆ.

ಈ ಅಪಾಯವನ್ನು ಅಂಕಿಗಳಲ್ಲಿ ತೋರಿಸಿಕೊಟ್ಟವರು ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಎಂಬ ವೈದ್ಯರು. 1932ರಿಂದ 1945ರವರೆಗಿನ 44,016 ಗರ್ಭಿಣಿಯರ ದಾಖಲೆಗಳನ್ನು ಪರಿಶೀಲಿಸಿ, ಅವರಲ್ಲಿ 66 ಮಂದಿಯ ಶ್ವಾಸಕೋಶಕ್ಕೆ ಜಠರದ ವಸ್ತು ಸೇರಿತ್ತೆಂದು 1946ರಲ್ಲಿ ಅವರು ಪ್ರಕಟಿಸಿದರು. ಘನಾಹಾರ ಅಡ್ಡಗಟ್ಟಿ ಇಬ್ಬರು ಉಸಿರುಕಟ್ಟಿ ಮೃತಪಟ್ಟಿದ್ದರು. ಮೆಂಡೆಲ್ಸನ್ ಮೊಲಗಳ ಮೇಲೆ ಪ್ರಯೋಗ ನಡೆಸಿ, ಜಠರರಸದ ಆಮ್ಲವೇ ಶ್ವಾಸಕೋಶವನ್ನು ಸುಡುವುದೆಂದೂ ಆಮ್ಲವನ್ನು ತಟಸ್ಥಗೊಳಿಸಿದ ದ್ರವ ಅಷ್ಟು ಹಾನಿ ಮಾಡದೆಂದೂ ತೋರಿಸಿದರು.

ಹಾಗಾದರೆ ಎಷ್ಟು ಹೊತ್ತು ಉಪವಾಸವಿರಬೇಕು? ಇದಕ್ಕೆ ಉತ್ತರ ತಿಂದ ವಸ್ತುವನ್ನು ಅವಲಂಬಿಸಿದೆ. ಗುಂಡೇಟಿನಿಂದ ಜಠರದಲ್ಲಿ ಮುಚ್ಚದ ರಂಧ್ರ ಉಳಿದಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬವನನ್ನು ಪರೀಕ್ಷಿಸುತ್ತ ಅಮೆರಿಕದ ವೈದ್ಯ ವಿಲಿಯಂ ಬೋಮಾಂಟ್ 1833ರಲ್ಲಿಯೇ ಒಂದು ಪಟ್ಟಿಯನ್ನು ಪ್ರಕಟಿಸಿದ್ದನು. ಅದರಲ್ಲಿ ಬೇಯಿಸಿದ ಅನ್ನಕ್ಕೆ 1 ಗಂಟೆ, ಕೊಬ್ಬು ಬೆರೆತ ಹುರಿದ ಹಂದಿಮಾಂಸಕ್ಕೆ 5 ಗಂಟೆ 15 ನಿಮಿಷ. ಒಂದೊಂದು ಆಹಾರಕ್ಕೂ ಒಂದೊಂದು ಗಡಿಯಾರವೆಂಬುದು ಅಂದೇ ತಿಳಿದಿತ್ತು.

ನೀರಿನ ಗಡಿಯಾರ ವಿಕಿರಣಪಟು ಧಾತುವಿನ ಅರ್ಧಾಯುಷ್ಯವನ್ನು ನೆನಪಿಗೆ ತರುತ್ತದೆ. ಕುಡಿದ ನೀರಿನ ಅರ್ಧಭಾಗ 10ರಿಂದ 20 ನಿಮಿಷಗಳಲ್ಲಿ ಜಠರವನ್ನು ದಾಟುತ್ತದೆ. ಉಳಿದುದರ ಅರ್ಧ ಮತ್ತಷ್ಟೇ ಕಾಲದಲ್ಲಿ ದಾಟುತ್ತದೆ. 20 ನಿಮಿಷವೆಂದೇ ಹಿಡಿದರೂ ಎರಡು ಗಂಟೆಗಳಲ್ಲಿ ಆರು ಬಾರಿ ಅರ್ಧವಾಗಿ, 200 ಮಿಲಿಲೀಟರಿನಲ್ಲಿ ಉಳಿಯುವುದು ಸುಮಾರು 3 ಮಿಲಿಲೀಟರ್ ಮಾತ್ರ. ಘನಾಹಾರದ ರೀತಿ ಬೇರೆ. ಜಠರ ಅದನ್ನು ಒಂದೆರಡು ಮಿಲಿಮೀಟರಿನಷ್ಟು ನುಣ್ಣಗೆ ಅರೆದ ಮೇಲಷ್ಟೇ ಮುಂದಕ್ಕೆ ಬಿಡುತ್ತದೆ. ಎಣ್ಣೆ, ತುಪ್ಪಗಳು ಸೇರಿದರೆ ಇನ್ನೂ ನಿಧಾನ.

ಇನ್ನು ಹಾಲು. ಲೋಟದಲ್ಲಿ ದ್ರವವಾಗಿರುವ ಹಾಲು ಜಠರದ ಆಮ್ಲ ತಗುಲಿದೊಡನೆ ಒಡೆದು ಗಟ್ಟಿಯಾಗುತ್ತದೆ. ನಮ್ಮ ಅತ್ತೆ ಕೊಟ್ಟದ್ದು ಪಾನೀಯ. ಮಾವನವರ ಜಠರದಲ್ಲಿದ್ದುದು ಗಿಣ್ಣಿನಂಥ ಗಡ್ಡೆ! ಆದಕಾರಣ ಹಾಲನ್ನು ಆಹಾರದ ಸಾಲಿನಲ್ಲಿಯೇ ಎಣಿಸುತ್ತಾರೆ.

ಮಧ್ಯರಾತ್ರಿಯಿಂದ ಹನಿ ನೀರೂ ಕೂಡದೆಂಬ ಹಳೆಯ ಕಟ್ಟಳೆಯನ್ನು ಪ್ರಯೋಗಗಳು ಸಡಿಲಿಸಿವೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ತಿಳಿಯಾದ ದ್ರವಕ್ಕೆ 2 ಗಂಟೆ, ಎದೆಹಾಲಿಗೆ 4 ಗಂಟೆ, ಹಸುವಿನ ಹಾಲಿಗೂ ಹಗುರವಾದ ತಿಂಡಿಗೂ 6 ಗಂಟೆ. ಕರಿದ ತಿಂಡಿ, ಕೊಬ್ಬು, ಮಾಂಸಗಳಿಗೆ 8 ಗಂಟೆ ಅಥವಾ ಹೆಚ್ಚು. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರುಗಳ ಕಡೆಯವರು ಇದನ್ನು ತಮ್ಮ ಅಡುಗೆಮನೆಗೆ ಅನ್ವಯಿಸಿಕೊಳ್ಳಬೇಕು. ಹೊಟ್ಟೆತುಂಬ ಮುದ್ದೆ, ಅವರೆಕಾಳಿನ ಸಾರು, ಬಾಡೂಟಗಳು ಹಿಂದಿನ ರಾತ್ರಿಗೆ ತಕ್ಕುವಲ್ಲ. ಊಟ ಹಗುರವಾಗಿ, ಬೇಗನೆ ಮುಗಿಯಲಿ. ಗಂಜಿ, ಮಜ್ಜಿಗೆ, ಹಾಲು ಬೆರೆಸಿದ ಕಾಫಿ ಇವಾವುವೂ ತಿಳಿದ್ರವವಲ್ಲ. ಇದಕ್ಕೊಂದು ಸುಲಭ ಪರೀಕ್ಷೆಯಿದೆ: ದ್ರವವನ್ನು ಗಾಜಿನ ಲೋಟಕ್ಕೆ ಸುರಿದು ಹಿಂದೆ ವೃತ್ತಪತ್ರಿಕೆಯನ್ನು ಹಿಡಿಯಿರಿ. ಅಕ್ಷರಗಳು ಓದಲು ಬಂದರೆ ಅದು ತಿಳಿದ್ರವ. ಹಾಲಿನಲ್ಲಿ ತೇಲುವ ಕೊಬ್ಬಿನ ಮತ್ತು ಪ್ರೋಟೀನಿನ ಕಣಗಳು ಬೆಳಕನ್ನು ಚದರಿಸುವುದರಿಂದ ಅಕ್ಷರ ಕಾಣುವುದಿಲ್ಲ. ಆ ಕಣಗಳೇ ಜಠರದಲ್ಲಿ ತಡಮಾಡುವುವು.

ಆದರೆ ಈ ಗಂಟೆಗಳು ಎಲ್ಲರಿಗೂ ಸಲ್ಲುವುದಿಲ್ಲ. ಕರುಳು ಕಟ್ಟಿಕೊಂಡವರಲ್ಲಿ ಎಷ್ಟು ಕಾದರೂ ಜಠರ ಬರಿದಾಗದಿರಬಹುದು. ಬಹುಕಾಲದ ಮಧುಮೇಹಿಗಳಲ್ಲಿಯೂ, ಮಧುಮೇಹಕ್ಕೋ ಬೊಜ್ಜಿಗೋ ವಾರಕ್ಕೊಮ್ಮೆ ಕೊಡುವ ಸೆಮಾಗ್ಲುಟೈಡಿನಂಥ ಚುಚ್ಚುಮದ್ದು ಪಡೆಯುವವರಲ್ಲಿಯೂ ಅದು ನಿಧಾನವಾಗಿ ಬರಿದಾಗುತ್ತದೆ. ಅವರ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ.

ಔಷಧಗಳ ಗಡಿಯಾರಗಳು ಇನ್ನೂ ವಿಚಿತ್ರವಾದುವು. ಆಸ್ಪಿರಿನ್ನನ್ನೇ ನೋಡೋಣ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್ಲೆಟ್ಟುಗಳೆಂಬ ಸೂಕ್ಷ್ಮ ಕಣಗಳು ನಮ್ಮ ರಕ್ತದಲ್ಲಿವೆ. ಆಸ್ಪಿರಿನ್ ಅವುಗಳ ಒಂದು ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಕೋಶಕೇಂದ್ರವಿಲ್ಲದ ಪ್ಲೇಟ್ಲೆಟ್ಟು ಹೊಸ ಕಿಣ್ವವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಔಷಧ ಕೆಲವೇ ಗಂಟೆಗಳಲ್ಲಿ ದೇಹದಿಂದ ಮರೆಯಾದರೂ, ಕೆಟ್ಟ ಪ್ಲೇಟ್ಲೆಟ್ಟು ತನ್ನ 7ರಿಂದ 10 ದಿನಗಳ ಆಯುಷ್ಯ ಮುಗಿಸುವವರೆಗೂ ಕೆಟ್ಟೇ ಇರುತ್ತದೆ. ದಿನಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಹೊಸದಾಗುವುದೆಂದರೆ, ಐದು ದಿನಗಳಿಗೆ ಅರ್ಧ ಮಾತ್ರ ಹೊಸದು. ಮಾವನವರ ಶಸ್ತ್ರಚಿಕಿತ್ಸೆ ಅಂದು ಸಂಜೆಗಲ್ಲದೆ ಹತ್ತು ದಿನ ಮುಂದಕ್ಕೆ ಹೋದುದರ ಮರ್ಮವಿದು.

ರಕ್ತವನ್ನು ತೆಳುವಾಗಿಸುವ ವಾರ್ಫರಿನ್ನನ್ನು ಸಾಮಾನ್ಯವಾಗಿ 5 ದಿನ ಮೊದಲು ನಿಲ್ಲಿಸುತ್ತಾರೆ. ಕ್ಲೊಪಿಡೊಗ್ರೆಲ್ಲನ್ನು 5ರಿಂದ 7 ದಿನ ಮೊದಲು. ಮಧುಮೇಹದ ಮಾತ್ರೆಗಳಲ್ಲಿ ಡಪಾಗ್ಲಿಫ್ಲೋಜಿನ್ ವರ್ಗದವನ್ನು 3 ಅಥವಾ 4 ದಿನ ಮೊದಲೇ ಬಿಡಿಸುವರು. ಉಪವಾಸದ ವೇಳೆ ಅವು ರಕ್ತದಲ್ಲಿ ಆಮ್ಲವನ್ನು ಹೆಚ್ಚಿಸಬಹುದು. ಉಂಡೇ ತೆಗೆದುಕೊಳ್ಳಬೇಕಾದ ಮಧುಮೇಹದ ಔಷಧವನ್ನು ಉಣ್ಣದೆ ತೆಗೆದುಕೊಂಡರೆ ಸಕ್ಕರೆ ಅಪಾಯಕರವಾಗಿ ಇಳಿದೀತು. ನಾಟಿ ಬೇರು, ಕಷಾಯ, ಬೆಳ್ಳುಳ್ಳಿಯ ಗುಳಿಗೆಗಳನ್ನೂ ವೈದ್ಯರಿಂದ ಮುಚ್ಚಿಡಬಾರದು. ಬೆಳ್ಳುಳ್ಳಿಯ ಸಾರವೂ ಪ್ಲೇಟ್ಲೆಟ್ಟುಗಳನ್ನು ತಡೆಯಬಲ್ಲುದು.

ಇದನ್ನೋದಿದ ತರುಣರು ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ ತಾವೇ ನಿಲ್ಲಿಸಿಬಿಡುವ ಉತ್ಸಾಹ ತೋರಬಾರದು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಬಿಟ್ಟರೆ ಅಲ್ಲಿಯೇ ರಕ್ತ ಹೆಪ್ಪುಗಟ್ಟಬಹುದು. ಮೂರ್ಛೆರೋಗ, ಥೈರಾಯ್ಡುಗಳ ಔಷಧಗಳನ್ನೂ ರಕ್ತದೊತ್ತಡದ ಕೆಲವು ಔಷಧಗಳನ್ನೂ ಅಂದು ಬೆಳಗ್ಗೆಯೂ ಒಂದು ಗುಟುಕು ನೀರಿನೊಡನೆ ಕೊಡುವುದು ವಾಡಿಕೆ. ಬಹುದಿನಗಳಿಂದ ಸ್ಟೀರಾಯ್ಡ್ ಸೇವಿಸುವವರು ಅದನ್ನು ಥಟ್ಟನೆ ನಿಲ್ಲಿಸುವುದಂತೂ ಅನರ್ಥಕಾರಿ. ನಿಲ್ಲಿಸುವ, ಮುಂದುವರಿಸುವ ತೀರ್ಮಾನ ವೈದ್ಯರದು. ಎಲ್ಲವನ್ನೂ ಬಿಚ್ಚಿ ಹೇಳುವ ಹೊಣೆ ನಮ್ಮದು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಗೊತ್ತಾದರೆ, ಅವರು ಸೇವಿಸುವ ಮಾತ್ರೆ, ಲೇಹ್ಯ, ಪುಡಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ಕೊಡಿ. ಕೊನೆಯ ಊಟ ಎಷ್ಟು ಗಂಟೆಗೆ, ಕೊನೆಯ ನೀರು ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿ. ಪ್ರೀತಿಯಿಂದಲೇ ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಕೊಟ್ಟ ತುತ್ತು ಪ್ರಾಣಕ್ಕೆ ಎರವಾದೀತು.

ಎರಡನೆಯ ಬಾರಿ ಮಾವನವರು ಹೊರಟಾಗ ಆ ಕಾಗದವನ್ನು ಬರೆದವಳು ಒಂಬತ್ತನೆಯ ತರಗತಿಯ ಅವರ ಮೊಮ್ಮಗಳು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿತು. ಆ ಮುಂಜಾನೆ ಹಾಲಿನ ಲೋಟವನ್ನು ಹಿಡಿದು ಬಂದ ಅತ್ತೆಯನ್ನು ತಡೆದವರು ಮಾವನವರೇ: “ಬೇಡ ಕಣೇ, ಈಗ ನಾನು ಜ್ವರಕ್ಕೆ ಕೂತಿದ್ದೇನೆ.”