ಏನೂ ಆಗದಿರುವುದನ್ನು ಕಂಡುಹಿಡಿದವರು

ಕಣ್ಣಿನ ರೆಪ್ಪೆ ಅದುರಿದರೆ ನಮ್ಮಲ್ಲಿ ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಗಂಡಸರಿಗೆ ಬಲಗಣ್ಣು ಒಳ್ಳೆಯದು, ಹೆಂಗಸರಿಗೆ ಎಡಗಣ್ಣು ಎಂದು ಶಕುನ ನೋಡಿ ಸುಮ್ಮನಾಗುತ್ತೇವೆ. ಅದೇ ಅದುರು ಮೀನಖಂಡದಲ್ಲೋ ತೋಳಿನಲ್ಲೋ ಹೆಬ್ಬೆರಳ ಬುಡದಲ್ಲೋ ಶುರುವಾಗಿ ವಾರಗಟ್ಟಲೆ ಬಿಡದೆ ಕಾಡಿದರೆ ಮಾತ್ರ ಜೀವ ಹೌಹಾರುತ್ತದೆ. ಯಾರನ್ನೋ ಕೇಳಿದರೆ ‘ನರದ ತೊಂದರೆ ಇರಬೇಕು’ ಎನ್ನುತ್ತಾರೆ. ಮೊಬೈಲಿನಲ್ಲಿ ಹುಡುಕಿದರೆ ಎಎಲ್‌ಎಸ್ ಎಂಬ ಮೂರಕ್ಷರ ಕಣ್ಣಿಗೆ ಬೀಳುತ್ತದೆ: ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕಟ್ಟಿಹಾಕಿದ ಕಾಯಿಲೆ. ಆ ರಾತ್ರಿಯಿಂದ ನಿದ್ದೆ ಹಾರಿಹೋಗುತ್ತದೆ.

ಈ ಭಯ ಹುಟ್ಟಿದ್ದು ಮೊಬೈಲಿನಿಂದಲ್ಲ, ವೈದ್ಯಶಾಸ್ತ್ರದ ಒಳಗಿನಿಂದಲೇ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜ್ಯಾಂ ಮಾರ್ತಾಂ ಶಾರ್ಕೊ 1869ರಲ್ಲಿ ಈ ರೋಗವನ್ನು ವಿವರಿಸತೊಡಗಿ, 1874ರಲ್ಲಿ ಅದಕ್ಕೆ ಈಗಿನ ಹೆಸರು ಕೊಟ್ಟ. ವಾರ್ಡಿನಲ್ಲಿ ರೋಗಿಯನ್ನು ನೋಡಿ, ಅವರು ತೀರಿಕೊಂಡ ಮೇಲೆ ಬೆನ್ನುಹುರಿಯನ್ನು ಪರೀಕ್ಷಿಸಿ, ಎರಡನ್ನೂ ತಾಳೆ ಹಾಕುವುದು ಅವನ ಕ್ರಮ. ಕೈಕಾಲು ಸೊರಗುವುದು, ಬಿಗಿಯುವುದು, ಮಾತು ತೊದಲುವುದು, ಇವುಗಳ ಜೊತೆಗೆ ಸ್ನಾಯುಗಳ ಸಣ್ಣ ಅದುರೂ ಲಕ್ಷಣಗಳ ಪಟ್ಟಿಗೆ ಸೇರಿತು. ಅವನು ಕಂಡದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅವನ ಕಣ್ಣಿಗೆ ಬಿದ್ದವರೆಲ್ಲ ಆಗಲೇ ಹಾಸಿಗೆ ಹಿಡಿದವರು. ಆಸ್ಪತ್ರೆಯ ಗೋಡೆಯಾಚೆ ಹೊಲ ಉಳುವವನ, ರೊಟ್ಟಿ ಸುಡುವವಳ ಮೀನಖಂಡ ಅದುರುತ್ತಿತ್ತೇ ಎಂದು ನೋಡಿದವರಿಲ್ಲ. ಹೀಗೆ ಪಠ್ಯಪುಸ್ತಕಗಳಲ್ಲಿ ಅದುರು ಎಂದರೆ ಸೊರಗುರೋಗ ಎಂಬ ಜೋಡಿ ಗಟ್ಟಿಯಾಯಿತು.

ಅದನ್ನು ಬಿಡಿಸಲು ಮೊದಲು ಸ್ನಾಯುವಿನ ಒಳಗಿನ ಸದ್ದು ಕೇಳಬೇಕಿತ್ತು. 1929ರಲ್ಲಿ ಎಡ್ಗರ್ ಏಡ್ರಿಯನ್ ಮತ್ತು ಡೆಟ್ಲೆವ್ ಬ್ರಾಂಕ್ ಇಂಜೆಕ್ಷನ್ ಸೂಜಿಯೊಳಗೆ ಒಂದು ತಂತಿ ತೂರಿಸಿ, ಅದನ್ನು ಸ್ನಾಯುವಿಗೆ ಚುಚ್ಚಿ, ಬಂದ ವಿದ್ಯುತ್ ಸಂಕೇತವನ್ನು ಹಿಗ್ಗಿಸಿ ಧ್ವನಿವರ್ಧಕದಲ್ಲಿ ಕೇಳಿದರು. ಇಂದಿನ ಇಎಂಜಿ ಪರೀಕ್ಷೆಯ ಮೂಲ ಅದೇ. ನ್ಯೂಜಿಲೆಂಡಿನಿಂದ ಇಂಗ್ಲೆಂಡಿಗೆ ಬಂದಿದ್ದ ಡೆರೆಕ್ ಡೆನ್ನಿ-ಬ್ರೌನ್, ಜೋಸೆಫ್ ಪೆನ್ನಿಬೇಕರ್ ಜೊತೆ ಸೇರಿ 1938ರಲ್ಲಿ ‘ಬ್ರೈನ್’ ಪತ್ರಿಕೆಯಲ್ಲಿ ಬರೆದ ಲೇಖನ ಈ ಕತೆಯ ಮೊದಲ ತಿರುವು. ಅಲ್ಲಿಯವರೆಗೆ ವೈದ್ಯರು ಒಂದೇ ಎಂದುಕೊಂಡದ್ದು ಎರಡು ಬೇರೆ ಸಂಗತಿಗಳೆಂದು ಅವರು ತೋರಿಸಿದರು. ನರದ ಸಂಬಂಧ ಕಡಿದುಹೋದ ಸ್ನಾಯುವಿನಲ್ಲಿ ಒಂದೊಂದು ಎಳೆಯೂ ತನ್ನಷ್ಟಕ್ಕೆ ಮಿಡಿಯುತ್ತದೆ. ಅದು ಚರ್ಮದ ಮೇಲಿಂದ ಕಾಣುವುದಿಲ್ಲ, ಸೂಜಿಗೆ ಮಾತ್ರ ಕೇಳುತ್ತದೆ, ತಗಡಿನ ಮಾಡಿನ ಮೇಲೆ ಬೀಳುವ ಮಳೆಹನಿಗಳ ಹಾಗೆ. ಚರ್ಮದಡಿಯಲ್ಲಿ ಕಣ್ಣಿಗೆ ಕಾಣುವ ಅದುರು ಬೇರೆ. ಅಲ್ಲಿ ಒಂದು ನರತಂತು ತನ್ನ ಕೈಕೆಳಗಿನ ಎಳೆಗಳನ್ನೆಲ್ಲ ಒಟ್ಟಿಗೆ ಸೆಟೆಸುತ್ತದೆ. ಮೀನಖಂಡದಲ್ಲಿ ಅಂಥ ಒಂದು ತಂತುವಿನ ಕೆಳಗೆ ಸಾವಿರಕ್ಕೂ ಹೆಚ್ಚು ಎಳೆಗಳಿರುತ್ತವೆ. ಅದುರು ಬರಿಗಣ್ಣಿಗೆ ಕಾಣುವುದು ಅದಕ್ಕೇ.

ಮುಂದೆ ಡೆನ್ನಿ-ಬ್ರೌನ್ ಅಮೆರಿಕದ ಬಾಸ್ಟನ್ನಿಗೆ ಹೋದ. ಅಲ್ಲಿ ಫೋಲಿ ಎಂಬ ಸಹೋದ್ಯೋಗಿಯ ಜೊತೆ 1948ರಲ್ಲಿ, ಕಾಲು ಸೆಳೆತದೊಂದಿಗೆ ಬರುವ, ಯಾವ ಅಪಾಯವೂ ಇಲ್ಲದ ಅದುರನ್ನು ವಿವರಿಸಿದ. ನಿರಪಾಯ ಎಂಬ ವಿಶೇಷಣ ಅದುರಿನ ಪಕ್ಕ ಬಂದು ಕೂತಿತು. ಆದರೆ ಹೆಸರಿಟ್ಟ ಮಾತ್ರಕ್ಕೆ ಹೆದರಿದವರಿಗೆ ಧೈರ್ಯ ಬರುವುದುಂಟೇ? ಇಂದು ನಿರಪಾಯ ಎಂದದ್ದು ಐದು ವರ್ಷದ ಮೇಲೆ ಏನಾಗುತ್ತದೋ ಯಾರಿಗೆ ಗೊತ್ತು?

ಈ ಪ್ರಶ್ನೆಯ ಮೊದಲ ಅರ್ಧಕ್ಕೆ, ಅದುರು ಆರೋಗ್ಯವಂತರಲ್ಲೂ ಇರುತ್ತದೆಯೇ ಎಂಬುದಕ್ಕೆ, ಉತ್ತರ ಹುಡುಕಿದವರಲ್ಲಿ ಒಬ್ಬ ಲಿಯೊನಾರ್ಡ್ ಕರ್ಲಂಡ್. ಶಾಂತಸಾಗರದ ಗುವಾಮ್ ದ್ವೀಪದ ಚಮೊರೊ ಜನರಲ್ಲಿ ಎಎಲ್‌ಎಸ್ ಅಸಾಧಾರಣ ಪ್ರಮಾಣದಲ್ಲಿತ್ತು. ಅಲ್ಲಿ ದುಡಿದು ಆ ರೋಗದ ಮುಖವನ್ನು ಹತ್ತಿರದಿಂದ ಕಂಡವನು ಅವನು. ಅಂಥವನು ಡ್ವೇಯ್ನ್ ರೀಡ್ ಜೊತೆಗೂಡಿ, ರೋಗಿಗಳನ್ನು ಬಿಟ್ಟು, 539 ಮಂದಿ ಆರೋಗ್ಯವಂತರನ್ನು ವಿಚಾರಿಸಿದ. 1963ರಲ್ಲಿ ಪ್ರಕಟವಾದ ಆ ಸಮೀಕ್ಷೆಯಲ್ಲಿ ಸುಮಾರು ಶೇಕಡಾ 70ರಷ್ಟು ಮಂದಿ ತಮಗೂ ಒಂದಲ್ಲ ಒಂದು ಬಗೆಯ ಅದುರು ಆಗುತ್ತದೆ ಎಂದರು. ಶಾರ್ಕೊ ನೋಡದೆ ಬಿಟ್ಟಿದ್ದ ಗೋಡೆಯಾಚೆಯ ಜನರನ್ನು ಕೇಳಲು ತೊಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಉಳಿದ ಅರ್ಧಕ್ಕೆ, ಮುಂದೆ ಏನಾಗುತ್ತದೆ ಎಂಬುದಕ್ಕೆ, ಕಾಯದೆ ಬೇರೆ ದಾರಿಯಿರಲಿಲ್ಲ. ನನಗೆ ಈ ಕತೆಯಲ್ಲಿ ತುಂಬ ಹಿಡಿಸುವ ಭಾಗ ಇದು. ಹೊಸ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಒಂದು ಮಧ್ಯಾಹ್ನ ಕಂಡುಬಿಡಬಹುದು. ಒಬ್ಬ ಮನುಷ್ಯನಿಗೆ ಏನೂ ಆಗುವುದಿಲ್ಲ ಎಂಬುದನ್ನು ಕಂಡುಹಿಡಿಯಬೇಕಾದರೆ ಅವನ ಆಯುಷ್ಯದ ಜೊತೆಗೇ ನಡೆಯಬೇಕು. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಹಳೆಯ ಕಡತಗಳನ್ನು ಜೋಪಾನವಾಗಿ ಇಡುವ ಪದ್ಧತಿ ಇತ್ತು. ಬ್ಲೆಕ್ಸ್‌ರಡ್, ವಿಂಡೆಬ್ಯಾಂಕ್, ಡಾಬೆ ಎಂಬ ಮೂವರು, ನಿರಪಾಯದ ಅದುರು ಎಂದು ಅಲ್ಲಿ ಹೇಳಿಸಿಕೊಂಡು ಮನೆಗೆ ಹೋಗಿದ್ದ 121 ಮಂದಿಯ ಮುಂದಿನ ಬದುಕನ್ನು ವಿಚಾರಿಸಿದರು. ಕೆಲವರಿಗೆ ಎರಡು ವರ್ಷ ಕಳೆದಿತ್ತು, ಕೆಲವರಿಗೆ 32 ವರ್ಷ. ಅವರಲ್ಲಿ ಒಬ್ಬರಿಗೂ ಎಎಲ್‌ಎಸ್‌ನಂಥ ಚಾಲಕ ನರಗಳ ರೋಗ ಬಂದಿರಲಿಲ್ಲ. 1993ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನೇ ಇಂದಿಗೂ ನರರೋಗ ತಜ್ಞರು ಹೆದರಿ ಬಂದವರ ಮುಂದೆ ಇಡುತ್ತಾರೆ.

ಮರುವರ್ಷವೇ ಕೆನಡಾದ ಆಂಡ್ರೂ ಐಸೆನ್ ಮತ್ತು ಸಂಗಡಿಗ, ನಿರಪಾಯವೆಂದು ಕಂಡ ಅದುರಿನ ಬೆನ್ನಿಗೆ ಎಎಲ್‌ಎಸ್ ಬಂದ ಉದಾಹರಣೆಯೊಂದನ್ನು ವರದಿ ಮಾಡಿದರು. ಅದನ್ನು ಮುಚ್ಚಿಡಬೇಕಿಲ್ಲ. ಅಂಥದ್ದು ವಿರಳ, ಆದ್ದರಿಂದಲೇ ವೈದ್ಯರು ಅದುರನ್ನು ಬಿಟ್ಟು ಬಲವನ್ನು ಪರೀಕ್ಷಿಸುತ್ತಾರೆ. ನಮ್ಮ ಕಡೆಯ ತಜ್ಞರು ಕೇಳುವ ಒಂದು ಪ್ರಶ್ನೆ: ‘ನಡೆಯುವಾಗ ಚಪ್ಪಲಿ ಕಳಚಿಹೋಗುತ್ತದೆಯೇ?’ ಹವಾಯಿ ಚಪ್ಪಲಿಯನ್ನು ಹಿಡಿದಿಡುವುದು ಹೆಬ್ಬೆರಳು ಮತ್ತು ಪಾದದ ಬಲ. ಅದು ಕುಂದಿದರೆ ಚಪ್ಪಲಿ ಹಿಂದೆ ಉಳಿಯುತ್ತದೆ. ಅಂಗಿಯ ಗುಂಡಿ ಹಾಕಲಾಗದು, ಬೀಗದ ಕೈ ತಿರುಗಿಸಲಾಗದು, ನುಂಗುವಾಗ ಕೆಮ್ಮು ಬರುತ್ತದೆ, ಕೈಯ ಮಾಂಸ ಕರಗುತ್ತದೆ ಎಂದರೆ ತಡಮಾಡದೆ ತೋರಿಸಬೇಕು. ಬಲ ಸರಿಯಾಗಿದ್ದು, ಇಎಂಜಿ ಕೂಡ ಸರಿಯಾಗಿದ್ದರೆ ಬರಿ ಅದುರಿಗೆ ಆ ತೂಕವಿಲ್ಲ. ಮಾಂಸ ಕರಗಿದ್ದೆಲ್ಲ ಎಎಲ್‌ಎಸ್ ಅಲ್ಲ ಎಂಬುದಕ್ಕೂ ಬೆಂಗಳೂರಿನಲ್ಲೇ ಸಾಕ್ಷಿಯಿದೆ: ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ, ಒಂದೇ ಕೈಯೋ ಕಾಲೋ ಸೊರಗಿ ಮುಂದೆ ಅಲ್ಲಿಗೇ ನಿಲ್ಲುವ ಕಾಯಿಲೆಯನ್ನು ವಿವರಿಸಿದರು.

ಇಷ್ಟೆಲ್ಲ ಗೊತ್ತಿದ್ದವರಾದರೂ ನೆಮ್ಮದಿಯಾಗಿದ್ದರೇ? ಮೇಯೊದ ಆ 121 ಮಂದಿಯಲ್ಲೇ ಅನೇಕರು ವೈದ್ಯಕೀಯ ಕ್ಷೇತ್ರದವರು. 2013ರಲ್ಲಿ ಆಸ್ಟ್ರೇಲಿಯಾದ ನರತಜ್ಞರಾದ ಸೈಮನ್ ಮತ್ತು ಕೀರ್ನನ್, ಅದುರಿಗೆ ಹೆದರಿ ತಮ್ಮಲ್ಲಿಗೆ ಬಂದ ವೈದ್ಯರ ಆತಂಕಕ್ಕೇ ಒಂದು ಹೆಸರು ಕೊಟ್ಟು ಲೇಖನ ಬರೆದರು. ಮಾಹಿತಿಯ ಕೊರತೆಯೇ ಭಯದ ಮೂಲವಾಗಿದ್ದರೆ ವೈದ್ಯರು ಹೆದರಬಾರದಿತ್ತು.

ಆ ಗಂಟು ಬಿಚ್ಚಿದ್ದು ಸೂಜಿ ಹಿಡಿದವರಲ್ಲ, ಮನಸ್ಸಿನ ತಜ್ಞರು. ಪಾಲ್ ಸಾಲ್ಕೋವ್‌ಸ್ಕಿಸ್ ಮತ್ತು ಹಿಲರಿ ವಾರ್ವಿಕ್ 1986ರಲ್ಲಿ ಬರೆದದ್ದರ ತಿರುಳು ಹೀಗೆ: ಆರೋಗ್ಯದ ಆತಂಕ ಇರುವವರಿಗೆ ‘ಏನೂ ಇಲ್ಲ’ ಎಂಬ ಭರವಸೆ ಕ್ಷಣಕಾಲ ತಂಪು ಕೊಡುತ್ತದೆ, ಆಮೇಲೆ ಅದನ್ನೇ ಮತ್ತೆ ಕೇಳುವ ಹಪಹಪಿ ಹೆಚ್ಚಿಸುತ್ತದೆ. ಅದುರಿನ ವಿಷಯದಲ್ಲಿ ಇದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ರಾತ್ರಿ ದೀಪ ಆರಿದ ಮೇಲೆ ಮನುಷ್ಯ ಎದ್ದು ಕೂತು, ಪಂಚೆ ಮೇಲೆತ್ತಿ, ಮೊಬೈಲಿನ ಬೆಳಕಿನಲ್ಲಿ ಮೀನಖಂಡ ನೋಡುತ್ತಾನೆ. ಬೆರಳಿನಿಂದ ಒತ್ತಿ, ತಟ್ಟಿ ನೋಡುತ್ತಾನೆ. ತುದಿಗಾಲ ಮೇಲೆ ನಿಂತು ಬಲ ಇದೆಯೇ ಎಂದು ಪರೀಕ್ಷಿಸುತ್ತಾನೆ, ಇದೆ. ಕನ್ನಡಿಯ ಮುಂದೆ ನಾಲಿಗೆ ಹೊರಚಾಚಿ ನೋಡುತ್ತಾನೆ. ಹೊರಚಾಚಿದ ನಾಲಿಗೆ ಯಾರದ್ದಾದರೂ ಸ್ವಲ್ಪ ನಡುಗೇ ನಡುಗುತ್ತದೆ. ನಿದ್ದೆಗೆಟ್ಟು, ದಣಿದು, ಬೆಳಿಗ್ಗೆ ಒಂದು ಲೋಟ ಹೆಚ್ಚು ಕಾಫಿ ಕುಡಿದರೆ ಅದುರು ಇನ್ನಷ್ಟಾಗುತ್ತದೆ. ನಿದ್ದೆಗೇಡು, ದಣಿವು, ಕೆಫೀನ್, ಆತಂಕ ಇವು ನಾಲ್ಕೂ ಅದುರನ್ನು ಕೆರಳಿಸುವಂಥವೇ. ಹೀಗೆ ಪರೀಕ್ಷೆ ಮಾಡಿದಷ್ಟೂ ಪರೀಕ್ಷೆಗೆ ಕಾರಣ ಬೆಳೆಯುತ್ತದೆ. ಇಂಥವರನ್ನು ‘ಸುಮ್ಮನೆ ಹೆದರುತ್ತಾರೆ’ ಎಂದು ಹೀಗಳೆಯುವುದು ಕ್ರೂರ; ಅದುರೂ ನಿಜ, ಸಂಕಟವೂ ನಿಜ.

ಈ ತಿಳಿವಿನ ಮೇಲೆ ಕಟ್ಟಿದ ಚಿಕಿತ್ಸೆಯನ್ನು ಪೀಟರ್ ಟೈರರ್ ಇಂಗ್ಲೆಂಡಿನ ಸಾಮಾನ್ಯ ಆಸ್ಪತ್ರೆಗಳಲ್ಲಿ ಒರೆಗೆ ಹಚ್ಚಿದ. ಹೃದಯ, ಹೊಟ್ಟೆ, ನರದ ವಿಭಾಗಗಳಿಗೆ ಮತ್ತೆಮತ್ತೆ ಬರುತ್ತಿದ್ದ, ಆರೋಗ್ಯದ ಆತಂಕವಿದ್ದ 444 ಮಂದಿಯಲ್ಲಿ ಒಂದು ಗುಂಪಿಗೆ ಎಂದಿನ ಉಪಚಾರ, ಇನ್ನೊಂದಕ್ಕೆ ಐದರಿಂದ ಹತ್ತು ಭೇಟಿಗಳ ಮಾತಿನ ಚಿಕಿತ್ಸೆ. ಚಿಕಿತ್ಸೆ ಪಡೆದವರು ಹೆಚ್ಚು ಸುಧಾರಿಸಿದರು. ಐದು ವರ್ಷದ ಮೇಲೂ ಆ ಸುಧಾರಣೆ ಉಳಿದಿತ್ತು. ಅದರಲ್ಲೂ ತರಬೇತಿ ಪಡೆದ ನರ್ಸ್‌ಗಳ ಕೈಯಲ್ಲಿ ಫಲ ಚೆನ್ನಾಗಿತ್ತು. ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರು ಬೆರಳೆಣಿಕೆಯಷ್ಟಿರುವ ನಮ್ಮಂಥ ಕಡೆ ಈ ಸಂಗತಿಗೆ ಬೆಲೆ ಹೆಚ್ಚು ಎಂದು ನನಗನ್ನಿಸುತ್ತದೆ.

2018ರಲ್ಲಿ ಬಾಸ್ಟನ್ನಿನಿಂದಲೇ ಇನ್ನೊಂದು ಅಧ್ಯಯನ ಬಂತು. ನಿರಪಾಯದ ಅದುರು ಇದ್ದ 35 ಮಂದಿಯನ್ನು ಎರಡು ವರ್ಷ ನೋಡಿಕೊಂಡರು. ಯಾರಿಗೂ ಎಎಲ್‌ಎಸ್ ಬರಲಿಲ್ಲ. ಬಹುತೇಕರ ಅದುರು ನಿಲ್ಲಲೂ ಇಲ್ಲ. ಹಾಗಾಗಿ ಬಲ್ಲ ವೈದ್ಯರು ಅದುರು ನಿಂತೇ ಹೋಗುತ್ತದೆ ಎಂದು ಮಾತು ಕೊಡುವುದಿಲ್ಲ. ಒಮ್ಮೆ ಸರಿಯಾಗಿ ಪರೀಕ್ಷಿಸಿ, ಬಲ ಕುಂದಿದರೆ ಮಾತ್ರ ಮತ್ತೆ ಬನ್ನಿ ಎಂದು ಹೇಳಿ, ಮೀನಖಂಡ ಒತ್ತಿ ನೋಡುವುದನ್ನು ಮೊದಲು ಒಂದು ರಾತ್ರಿಯ ಮಟ್ಟಿಗೆ ಬಿಡಲು, ಆಮೇಲೆ ಎರಡು ರಾತ್ರಿ ಬಿಡಲು ಕೇಳುತ್ತಾರೆ.